ದೋರಸಮುದ್ರದಿಂದ ತುಳುನಾಡಿಗೆ: ಸಂಘಯಾತ್ರೆಯ ಹಳೆಯ ಹಾದಿ



ಕ್ರಿ.ಶ. 1133ರಲ್ಲಿ ನಮ್ಮ ನೆರೆಯ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನ ಬಸ್ತಿಹಳ್ಳಿಯಲ್ಲಿ, ದಂಡನಾಯಕ ಬೊಪ್ಪದೇವನು ತನ್ನ ತಂದೆ ಗಂಗರಾಜನ ನೆನಪಿಗಾಗಿ ಜಿನಾಲಯವೊಂದನ್ನು ಕಟ್ಟಿಸಿ ಪಾರ್ಶ್ವನಾಥ ಸ್ವಾಮಿಯ ಪ್ರತಿಷ್ಠೆ ಮಾಡಿಸಿದನು. ಪ್ರತಿಷ್ಠೆ ಮುಗಿದ ಮೇಲೆ ಇಂದ್ರರು ಶೇಷಾಕ್ಷತೆಯನ್ನು ಹೊತ್ತು, ಬಂಕಾಪುರದಲ್ಲಿ ಬೀಡುಬಿಟ್ಟಿದ್ದ ವಿಷ್ಣುವರ್ಧನ ಮಹಾರಾಜನ ಬಳಿಗೆ ಹೋದರೆಂದು ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ. ಅದೇ ಸಮಯದಲ್ಲಿ ಅರಸನಿಗೆ ಮಸಣನ ಮೇಲೆ ಜಯವೂ ದೊರೆತಿತ್ತು, ಪುತ್ರೋತ್ಸವವೂ ಆಗಿತ್ತು. ಆ ಸಂತೋಷದಲ್ಲಿ ಅವನು ಎದ್ದು ನಿಂತು ಶೇಷಾಕ್ಷತೆಯನ್ನು ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಇತಿಹಾಸಜ್ಞರು ಈ ಪ್ರಸಂಗವನ್ನು ಅರಸನ ಸರ್ವಧರ್ಮ ಸಮಭಾವಕ್ಕೆ ನಿದರ್ಶನವಾಗಿ ಎತ್ತಿ ಹೇಳುತ್ತಾರೆ. ಅದು ಸರಿಯೇ. ಆದರೆ ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಅರಸನನ್ನು ಬಿಟ್ಟು, ಶೇಷಾಕ್ಷತೆ ಹೊತ್ತು ನಡೆದ ಆ ಇಂದ್ರರ ಹಿಂದೆಯೇ ಹೋಗುತ್ತದೆ. ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರ ಇಲ್ಲಿಗೆ ಹತ್ತಿರದ ಊರಲ್ಲ. ನಮ್ಮ ಸೀಮೆಯಲ್ಲಿ ಪ್ರತಿಷ್ಠೆಯ ಬೆನ್ನಿಗೆ ಒಂದು ಪ್ರಯಾಣ ಕೂಡಿಬರುವುದು ಹೊಸದೇನೂ ಅಲ್ಲವೆಂದು ಇದರಿಂದ ಹೇಳಬಹುದು.

ಈ ಪ್ರತಿಷ್ಠಾ ಮಹೋತ್ಸವ ಮುಗಿದ ಬಳಿಕ ಘಟ್ಟದ ಕೆಳಗಿನ ಜಿನಕ್ಷೇತ್ರಗಳಿಗೆ ಒಂದು ಯಾತ್ರೆ ಹೊರಡಬೇಕೆಂಬುದು ಸಮಾಜದವರೆಲ್ಲರ ಅಪೇಕ್ಷೆ. ಅದಕ್ಕೆ ನನ್ನ ಪೂರ್ಣ ಸಮ್ಮತಿ ಉಂಟು. ಆದರೆ ಎರಡು ದೊಡ್ಡ ಬಸ್ಸುಗಳಲ್ಲಿ ನೂರು ಜನ ಹೊರಟು ಮೂರು ದಿನಗಳಲ್ಲಿ ಎಲ್ಲ ಕ್ಷೇತ್ರಗಳನ್ನೂ ಮುಗಿಸಿ ಬರುವುದೆಂಬ ಸಲಹೆ ಬಂದಾಗ ನಾನು ಸಭೆಯಲ್ಲಿ ಒಪ್ಪಲಿಲ್ಲ. ಹನ್ನೆರಡು ಜನರ ತಂಡ ಹೋಗಲಿ, ಅದು ಬಂದ ಮೇಲೆ ಇನ್ನೊಂದು ಹೊರಡಲಿ ಎಂದೆ. ಹಿರಿಯರೊಬ್ಬರು, “ನೂರು ಜನಕ್ಕೆ ಸಿಗೋ ಪುಣ್ಯಾನ ಹನ್ನೆರಡು ಜನಕ್ಕೆ ಯಾಕೆ ಇಳಿಸ್ತೀಯಪ್ಪ?” ಎಂದು ಕೇಳಿದರು. ಆ ಹೊತ್ತಿಗೆ ತಕ್ಕ ಉತ್ತರ ನನ್ನ ಬಾಯಿಗೆ ಬರಲಿಲ್ಲ. ನಾನು ವಿದ್ವಾಂಸನಲ್ಲ, ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯವರ ಅಂಗಡಿಯಲ್ಲಿ ತಕ್ಕಡಿ ಹಿಡಿದವನು. ಈ ಹಾದಿ ಎಷ್ಟು ಹಳೆಯದು, ನಮ್ಮ ಹಿಂದಿನವರು ಅದರಲ್ಲಿ ಹೇಗೆ ನಡೆದರು ಎಂಬುದನ್ನು ಓದಿ, ಹಿರಿಯರಿಂದ ಕೇಳಿ, ಎರಡು ಬಾರಿ ಸ್ವತಃ ಹೋಗಿ ಕಂಡು ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಅದನ್ನೇ ಆ ಹಿರಿಯರಿಗೆ ನನ್ನ ಉತ್ತರವೆಂದು ಭಾವಿಸಬೇಕಾಗಿ ಪ್ರಾರ್ಥನೆ.

ಯಾತ್ರೆಗೆ ಹೊರಟ ಗುಂಪನ್ನು ನಮ್ಮವರು ಸಂಘವೆಂದು ಕರೆದರು. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ವರು ಸೇರಿದ್ದು ಚತುರ್ವಿಧ ಸಂಘ. ಅದನ್ನು ತನ್ನ ವೆಚ್ಚದಲ್ಲಿ ಕರೆದೊಯ್ದವನು ಸಂಘಪತಿ. ಈ ಬಿರುದು ಪಡೆದವರಲ್ಲಿ ಅರಸರಿಗಿಂತ ವರ್ತಕರೇ ಹೆಚ್ಚೆಂದು ನನಗೆ ತೋರುತ್ತದೆ. ಶ್ರವಣಬೆಳಗೊಳದ ಶಾಸನಗಳನ್ನು ಒಟ್ಟುಗೂಡಿಸಿ 1973ರಲ್ಲಿ ಮರುಮುದ್ರಿಸಿದ ಸಂಪುಟದಲ್ಲಿ 573 ಬರಹಗಳಿವೆ. ಅವುಗಳಲ್ಲಿ ದಾನದತ್ತಿಗಳು, ಸಲ್ಲೇಖನದ ನಿಷಿಧಿಗಳು ಇರುವಂತೆಯೇ, ಬಂದು ಹೋದ ಯಾತ್ರಿಕರು ಬಂಡೆಯ ಮೇಲೆ ಕೊರೆಸಿದ ಬರಿಯ ಹೆಸರುಗಳೂ ಅನೇಕ. ಉತ್ತರ ದೇಶದಿಂದ ಸಂಘ ಕಟ್ಟಿಕೊಂಡು ಬಂದವರು ತಮ್ಮ ನಾಡಿನ ಲಿಪಿಯಲ್ಲೇ ಬರೆಸಿದ್ದಾರೆ. ಆಧುನಿಕ ಕಾಲಕ್ಕೆ ಬಂದರೆ, ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು 1927ರಲ್ಲಿ ದಕ್ಷಿಣದಿಂದ ಸಮ್ಮೇದ ಶಿಖರಜಿಯ ಕಡೆಗೆ ವಿಹಾರ ಹೊರಟಾಗಲೂ ಮುಂಬಯಿಯ ವರ್ತಕ ಮನೆತನವೊಂದು ಸಂಘಪತಿತ್ವ ವಹಿಸಿತ್ತು.

ಸಂಘಕ್ಕೆ ತನ್ನದೇ ಆದ ಗಡಿಯಾರ ಉಂಟು. ಸೂರ್ಯಾಸ್ತಕ್ಕೆ ಮುನ್ನ ಊಟವಾಗಬೇಕು. ಸೋಸಿದ ನೀರು ಬೇಕು. ಒಲೆ ಹೂಡಲು ಶುದ್ಧವಾದ ಸ್ಥಳ ಬೇಕು. ಆದುದರಿಂದ ಹೊತ್ತು ಇಳಿಯುವ ಮೊದಲೇ ಬೀಡು ಬಿಡಲೇಬೇಕು. ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸವಾದ್ದರಿಂದ ಮುನಿಗಳ ವಿಹಾರವಿಲ್ಲ. ಘಟ್ಟದ ದಾರಿಗಳೂ ಆ ನಾಲ್ಕು ತಿಂಗಳು ಜಿಗಣೆ, ಜಾರಿಕೆ, ತುಂಬಿದ ಹಳ್ಳಗಳಿಂದ ತಾವಾಗಿಯೇ ಮುಚ್ಚಿಹೋಗುತ್ತಿದ್ದವು. ವ್ರತವೂ ಮಳೆಯೂ ಒಂದೇ ಪಂಚಾಂಗ ಹಿಡಿದಂತಿದೆ. ನಮ್ಮ ಹಾಸನ ಜಿಲ್ಲೆ ಆಲೂಗೆಡ್ಡೆಗೆ ಹೆಸರಾದುದು. ನಾವು ಮೂಟೆಗಟ್ಟಲೆ ಕೊಂಡು ಮಾರುತ್ತೇವೆ. ಯಾತ್ರೆಯಲ್ಲಿ ಮಾತ್ರ ಅದು ನೆಲದೊಳಗಿನ ಗೆಡ್ಡೆಯೆಂದು ಮುಟ್ಟುವುದಿಲ್ಲ. ದಾರಿಯಲ್ಲಿ ಸಿಕ್ಕ ಹೋಟೆಲಿನಲ್ಲಿ ಉಂಡು ಮುಂದೆ ಸಾಗುವ ಸೌಕರ್ಯ ಇಂಥ ಗುಂಪಿಗಿಲ್ಲ.

ಮಾದಿಹಳ್ಳಿಯಿಂದ ಹೊರಟು, ಬಸ್ತಿಹಳ್ಳಿಯಲ್ಲಿ ವಿಜಯಪಾರ್ಶ್ವನಿಗೆ ವಂದಿಸಿ, ಬೇಲೂರು ದಾಟಿ ಮೂಡಿಗೆರೆಯ ಕಡೆಗೆ ತಿರುಗಿದರೆ ಕಾಫಿತೋಟಗಳ ನಡುವೆ ಅಂಗಡಿ ಎಂಬ ಊರು ಸಿಗುತ್ತದೆ. ಇದೇ ಹಿಂದಿನ ಸೊಸೆವೂರು, ಶಶಕಪುರ. ಸುದತ್ತ ಮುನಿಗಳು “ಹೊಯ್ ಸಳ” ಎಂದು ನುಡಿದ ಸ್ಥಳವೆಂದು ಐತಿಹ್ಯ ಹೇಳುವುದು ಇದನ್ನೇ. ಐತಿಹ್ಯವನ್ನು ಬದಿಗಿಟ್ಟರೂ ಅಲ್ಲಿಯ ಪ್ರಾಚೀನ ಬಸದಿಗಳು ಕಣ್ಣಿಗೆ ಕಾಣುವ ಸತ್ಯ. 1062ರಲ್ಲಿ ಅಲ್ಲಿ ಶಾಂತಿದೇವ ಮುನಿಗಳು ಸಮಾಧಿ ಹೊಂದಿದಾಗ ಊರಿನವರೆಲ್ಲ ಸೇರಿ ಅವರ ನೆನಪಿಗೆ ಕಲ್ಲು ನಿಲ್ಲಿಸಿದರು. ಹೊಯ್ಸಳರ ಪೂರ್ವಜರ ಆ ಊರಿಗೆ ಜನರು ಬಳಸಿ ಉಳಿಸಿಕೊಂಡ ಹೆಸರು ಅರಮನೆಯದಲ್ಲ, ಅಂಗಡಿಯದು! ಘಟ್ಟ ಇಳಿದರೆ ಬೆಳ್ತಂಗಡಿ. ನೇತ್ರಾವತಿ ಕುಮಾರಧಾರೆಗಳು ಕೂಡುವಲ್ಲಿ ಉಪ್ಪಿನಂಗಡಿ. ವರ್ತಕನಾದ ನನಗೆ ಈ ಹೆಸರುಗಳನ್ನು ಓದುವಾಗ ಹಳೆಯ ಕಿರ್ದಿ ಪುಸ್ತಕದ ಪುಟ ತಿರುವಿದಂತಾಗುತ್ತದೆ.

ಏಕೆಂದರೆ ಯಾತ್ರೆಯ ಹಾದಿಯೂ ಉಪ್ಪಿನ ಹಾದಿಯೂ ಒಂದೇ. ಕಡಲ ಕರೆಯ ಉಪ್ಪು ಹೇರೆತ್ತುಗಳ ಬೆನ್ನೇರಿ ಘಟ್ಟ ಹತ್ತುತ್ತಿತ್ತು. ಮೇಲಿನ ಧಾನ್ಯ, ಬೇಳೆ, ಮೆಣಸಿನಕಾಯಿ ಇಳಿಯುತ್ತಿದ್ದವು. ನಮ್ಮ ಅಜ್ಜನವರು ಎತ್ತಿನ ಗಾಡಿ ಹೂಡಿ ಈ ದಾರಿಯಲ್ಲಿ ಹೋದವರು. ಇಳಿಜಾರಿನಲ್ಲಿ ಗಾಡಿಯ ಹಿಂದೆ ಮರದ ದಿಮ್ಮಿ ಕಟ್ಟಿ ವೇಗ ತಡೆಯುತ್ತಿದ್ದುದನ್ನೂ, ಎತ್ತುಗಳ ಲಾಳ ಸವೆದರೆ ದುರಸ್ತಿಗಾಗಿ ಒಂದು ದಿನ ನಿಲ್ಲಬೇಕಾಗುತ್ತಿದ್ದುದನ್ನೂ ಅವರು ಹೇಳುತ್ತಿದ್ದರು. ಅಂದು ಘಟ್ಟವೆಂದರೆ ಗಡಿ. ಮೇಲೆ ಮೈಸೂರು ಸಂಸ್ಥಾನ. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕಂಪನಿ ಸರಕಾರದ ವಶವಾದ ದಕ್ಷಿಣ ಕನ್ನಡ ಮುಂದೆ ಮದರಾಸು ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದ ಮೇಲಷ್ಟೆ ನಮ್ಮೂರೂ ಮೂಡಬಿದಿರೆಯೂ ಒಂದೇ ರಾಜ್ಯದಲ್ಲಿ ಬಂದವು. ಸರಕಾರಗಳು ಬೇರೆಯಾಗಿದ್ದ ಒಂದೂವರೆ ಶತಮಾನದಲ್ಲೂ ಈ ಹಾದಿ ಮುರಿದುಬೀಳಲಿಲ್ಲ.

ಕೊಟ್ಟಿಗೆಹಾರದಲ್ಲಿ ಮಂಜು, ಬಿಸಿ ನೀರುದೋಸೆ. ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ. ಒಂದು ಬದಿ ಬಂಡೆ, ಮತ್ತೊಂದು ಬದಿ ಕಣಿವೆ. ನಡುದಾರಿಯಲ್ಲಿ ಅಣ್ಣಪ್ಪಸ್ವಾಮಿಯ ಗುಡಿ. ಲಾರಿಯವರು, ಬಸ್ಸಿನವರು, ಯಾವ ಮತದವರೇ ಆಗಲಿ, ಅಲ್ಲಿ ನಿಂತು ಕೈಮುಗಿಯದೆ ಮುಂದುವರಿಯುವುದು ವಿರಳ. ಕದ್ರಿಯಿಂದ ಮಂಜುನಾಥ ಸ್ವಾಮಿಯ ಲಿಂಗವನ್ನು ಧರ್ಮಸ್ಥಳಕ್ಕೆ ತಂದವನು ಈ ಅಣ್ಣಪ್ಪನೇ ಎಂದು ಪ್ರತೀತಿ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಈ ಘಾಟಿಯ ಗುಡ್ಡಗಳು ಹಲವೆಡೆ ಕುಸಿದು ಸಂಚಾರ ನಿಂತುಹೋಯಿತು. ಮತ್ತೆ ದಾರಿ ತೆರೆದಾಗ ಮೊದಲು ಬಿಟ್ಟದ್ದು ಸಣ್ಣ ವಾಹನಗಳನ್ನು ಮಾತ್ರ. ಆಗುಂಬೆ ಘಾಟಿಯಲ್ಲಂತೂ ಬಹುಕಾಲದಿಂದ ದೊಡ್ಡ ಬಸ್ಸುಗಳು ಇಳಿಯುವುದಿಲ್ಲ. 14 ಕಡಿದಾದ ತಿರುವುಗಳಲ್ಲಿ ಮಿನಿಬಸ್ಸುಗಳೇ ಓಡಾಡುತ್ತವೆ. ಎಷ್ಟು ಜನ ಬರಬೇಕೆಂಬುದನ್ನು ಸಭೆ ತೀರ್ಮಾನಿಸುವ ಮೊದಲೇ ಘಟ್ಟ ತೀರ್ಮಾನಿಸಿಬಿಟ್ಟಿರುತ್ತದೆ.

ಇಲ್ಲಿ ನನ್ನ ಮೊದಲ ಯಾತ್ರೆಯನ್ನು ಹೇಳಬೇಕು. 1982ರಲ್ಲಿ ಧರ್ಮಸ್ಥಳದ ಬಾಹುಬಲಿ ಸ್ವಾಮಿಯ ಪ್ರತಿಷ್ಠೆ ನಡೆಯಿತು. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಾರ್ಕಳದಲ್ಲಿ ಕಡೆದ 39 ಅಡಿಯ ಆ ವಿಗ್ರಹವನ್ನು 1973ರಲ್ಲಿ ಅನೇಕ ಚಕ್ರಗಳ ಬಂಡಿಯ ಮೇಲೆ ಧರ್ಮಸ್ಥಳಕ್ಕೆ ಸಾಗಿಸಿದ ಕಥೆಯನ್ನು ಕೇಳುತ್ತಲೇ ನಾವು ಬೆಳೆದೆವು. ಪ್ರತಿಷ್ಠೆಯ ವರ್ಷ ನಮ್ಮ ಕಡೆಯಿಂದ ಒಂದು ದೊಡ್ಡ ಬಸ್ಸು ತುಂಬ ಜನ ಹೊರಟರು. ನನಗೆ ಆಗ ಹದಿಮೂರು ವರ್ಷ. ಐವತ್ತಕ್ಕೂ ಮೀರಿದ ಜನ. ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಿರಲಿಲ್ಲ, ಎಲ್ಲರೂ ಹತ್ತಿದ ಮೇಲೆ ಒಂದು ಮಗು ಕಾಣಿಸುತ್ತಿರಲಿಲ್ಲ. ವೇಣೂರಿನಲ್ಲಿ ತಡವಾಗಿ, ಮೂಡಬಿದಿರೆ ಮುಟ್ಟುವಾಗ ಹೊತ್ತು ಮುಳುಗಿತ್ತು. ನಮಗಾಗಿ ಅಡಿಗೆ ಮಾಡಿಟ್ಟುಕೊಂಡು ಕಾದಿದ್ದವರ ಮುಖ ಬಾಡಿತು. ಹಿರಿಯರೆಲ್ಲ ಅಂದು ರಾತ್ರಿ ಉಪವಾಸ ಮಲಗಿದರು. ನಾವು ಹುಡುಗರು ಕತ್ತಲಲ್ಲಿ ಏನನ್ನೋ ತಿಂದು ಬೈಸಿಕೊಂಡೆವು. ಮರುದಿನ ಬೆಳಗ್ಗೆ ಸಾವಿರ ಕಂಬದ ಬಸದಿಯಲ್ಲಿ ಅರ್ಧಗಂಟೆ, ಕಾರ್ಕಳದಲ್ಲಿ ಒಂದು ಗಂಟೆ. ನಮ್ಮ ಅಜ್ಜಿ ಮನೆಯಿಂದ ಹೊರಡುವಾಗಲೇ ವರಂಗದ ಕೆರೆ ಬಸದಿ ನೋಡಬೇಕೆಂದು ಹೇಳಿದ್ದರು. ಸಮಯವಿಲ್ಲ, ದೋಣಿಯಲ್ಲಿ ಇಷ್ಟು ಜನರನ್ನು ದಾಟಿಸಿ ಮುಗಿಯುವುದಿಲ್ಲ, ಆಗುಂಬೆಯಲ್ಲಿ ಬಸ್ಸು ಹತ್ತುವುದೂ ಇಲ್ಲ ಎಂದು ಕಾರ್ಕಳದಿಂದಲೇ ಹಿಂತಿರುಗಿದೆವು. ಅಜ್ಜಿ ಏನೂ ಅನ್ನಲಿಲ್ಲ. ಮರುವರ್ಷ ತೀರಿಕೊಂಡರು.

ಎರಡನೆಯ ಸಲ ಹೋದದ್ದು 2024ರಲ್ಲಿ, ವೇಣೂರಿನ ಮಹಾಮಸ್ತಕಾಭಿಷೇಕ ಮುಗಿದು ಜನಸಂದಣಿ ಕರಗಿದ ಮೇಲೆ. ಹನ್ನೆರಡು ಜನ, ಒಂದು ಟೆಂಪೋ ಟ್ರಾವೆಲರ್, ಆರು ದಿನ.

ವೇಣೂರು ಫಲ್ಗುಣಿ ನದಿಯ ದಡದ ಸಣ್ಣ ಊರು. 35 ಅಡಿಯ ಗೊಮ್ಮಟನನ್ನು ಅಜಿಲ ವಂಶದ ತಿಮ್ಮರಾಜನು 1604ರ ಮಾರ್ಚ್ 1ರಂದು ಪ್ರತಿಷ್ಠಾಪಿಸಿದನು. ಇಷ್ಟನ್ನು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತಾರೆ. ಅಲ್ಲಿಯ ಶಾಸನದಲ್ಲಿ ಇನ್ನೊಂದು ಮಾತುಂಟು: ಇದು ಬೆಳಗೊಳದ ಚಾರುಕೀರ್ತಿ ಗುರುಗಳ ಉಪದೇಶದಂತೆ ನಡೆದ ಕಾರ್ಯ. ಕಾರ್ಕಳಕ್ಕೆ ಹೋಗಿ ನೋಡಿರಿ. ಅಲ್ಲಿ ವೀರಪಾಂಡ್ಯ ಭೈರರಸನು ಶಕ 1353ರಲ್ಲಿ, ಎಂದರೆ 1432ರ ಫೆಬ್ರವರಿ 13ರಂದು, ಸುಮಾರು 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದನು. ಅದಕ್ಕೆ ಪ್ರೇರಣೆ ಪನಸೋಗೆಯ ಲಲಿತಕೀರ್ತಿ ಮುನೀಂದ್ರರದು ಎಂದು ಅಲ್ಲಿಯ ಶಾಸನವೂ ಹೇಳುತ್ತದೆ. ಪನಸೋಗೆ ಎಂದರೆ ನಮ್ಮ ಮೈಸೂರು ಜಿಲ್ಲೆಯಲ್ಲಿ ಕಾವೇರಿಯ ಬಳಿಯಿರುವ ಹನಸೋಗೆ. ಎರಡು ಗೊಮ್ಮಟರು ಘಟ್ಟದ ಕೆಳಗೆ. ಎರಡಕ್ಕೂ ಗುರುವಾಕ್ಯ ಬಂದದ್ದು ಘಟ್ಟದ ಮೇಲಿನ ಪೀಠಗಳಿಂದ. ಎರಡರ ನಡುವೆ 172 ವರ್ಷಗಳ ಅಂತರವಿದ್ದರೂ ಈ ರೀತಿ ಬದಲಾಗಲಿಲ್ಲ. ಗುರುಪರಂಪರೆಗಳು ಸಹ್ಯಾದ್ರಿಯನ್ನು ದಾಟಿ ಬೇರುಬಿಟ್ಟದ್ದು ಕಾಲ್ನಡಿಗೆಯ ವಿಹಾರದಿಂದಲೇ ಹೊರತು ಬೇರೆ ಉಪಾಯದಿಂದಲ್ಲ. ಮುನಿಗಳು ವಾಹನ ಏರುವವರಲ್ಲವಷ್ಟೆ.

ಹಾಗೆಂದು ಘಟ್ಟದ ಕೆಳಗೆ ಎಲ್ಲವೂ ಸೌಹಾರ್ದವಾಗಿಯೇ ಇತ್ತೆಂದು ಬರೆದರೆ ಇತಿಹಾಸಕ್ಕೆ ಅಪಚಾರವಾದೀತು. ವೇಣೂರಿನಲ್ಲಿ ಗೊಮ್ಮಟ ಸಿದ್ಧವಾಗುತ್ತಿರುವುದನ್ನು ಕೇಳಿದ ಕಾರ್ಕಳದ ಅರಸನಿಗೆ ತನ್ನ ಕ್ಷೇತ್ರದ ಕೀರ್ತಿ ಕುಂದೀತೆಂದು ಅಸೂಯೆ ಹುಟ್ಟಿತಂತೆ. ವಿಗ್ರಹವನ್ನು ಒಪ್ಪಿಸೆಂದು ದಂಡೆತ್ತಿ ಬಂದನಂತೆ. ಅಜಿಲನು ಅದನ್ನು ಫಲ್ಗುಣಿಯ ಮರಳಿನಲ್ಲಿ ಹೂತು ಬಚ್ಚಿಟ್ಟು ಯುದ್ಧ ಗೆದ್ದ ಮೇಲೆ ಎತ್ತಿ ನಿಲ್ಲಿಸಿದನಂತೆ. ಇದು ಜನರ ಬಾಯಲ್ಲಿರುವ ಐತಿಹ್ಯ. ಸಕಲವನ್ನೂ ತ್ಯಜಿಸಿ ನಿಂತವನ ಮೂರ್ತಿಗಾಗಿ ಅರಸರಿಬ್ಬರು ಕಾದಾಡಿದರೆಂಬುದನ್ನು ಕೇಳಿ ನಮ್ಮ ತಂಡದ ಹುಡುಗನೊಬ್ಬ ನಕ್ಕುಬಿಟ್ಟ. ನಗಲೆಂದೇ ಹಿರಿಯರು ಆ ಕಥೆ ಉಳಿಸಿರಬಹುದು.

ಮೂಡಬಿದಿರೆಯಲ್ಲಿ ಎರಡು ರಾತ್ರಿ ಉಳಿದೆವು. ಆ ಊರಿನ 18 ಬಸದಿಗಳನ್ನು ಒಂದೇ ದಿನದಲ್ಲಿ ನೋಡಿದೆನೆನ್ನುವವರು ಬಾಗಿಲುಗಳನ್ನಷ್ಟೆ ನೋಡಿರುತ್ತಾರೆ. 1430ರಲ್ಲಿ ಕಟ್ಟಲಾದ ತ್ರಿಭುವನತಿಲಕ ಚೂಡಾಮಣಿ ಬಸದಿಯೇ ಸಾವಿರ ಕಂಬದ ಬಸದಿ. ಹಳೇಬೀಡಿನಿಂದ ಬಂದ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಅದರ ಚಾವಣಿ. ಬಸ್ತಿಹಳ್ಳಿಯಲ್ಲಿ ಬಳಪದ ಕಲ್ಲಿನ ಕಂಬಗಳನ್ನು ಕನ್ನಡಿಯಂತೆ ಉಜ್ಜಿದ್ದಾರೆ. ಮೇಲೆ ಚಪ್ಪಟೆಯಾದ ಕಲ್ಲಿನ ಮಾಡು. ಮೂಡಬಿದಿರೆಯಲ್ಲಿ ಇಳಿಜಾರಾದ ಮಾಡು, ಮರದ ತೊಲೆಗಳು, ಅಂತಸ್ತಿನ ಮೇಲೆ ಅಂತಸ್ತು. ದೂರದ ನೇಪಾಳದ ಕಟ್ಟಡಗಳನ್ನು ಇದು ಹೋಲುತ್ತದೆಂದು ಹಿಂದಿನ ಯುರೋಪಿಯನ್ ವಿದ್ವಾಂಸರು ಬೆರಗಾದರು. ಆ ಊರಿನ ಮಳೆಯಲ್ಲಿ ಒಂದು ಆಷಾಢ ಕಳೆದವನಿಗೆ ಆ ಬೆರಗು ಉಳಿಯಲಾರದು. ಜಿನಬಿಂಬ ಅದೇ, ಮಳೆ ಬೇರೆಯಾದ್ದರಿಂದ ಕೊಡೆ ಬೇರೆ.

ಮೂಡಬಿದಿರೆಯ ನಿಜವಾದ ನಿಧಿ ಅಲ್ಲಿಯ ಗುರುಬಸದಿಯಲ್ಲಿ ಉಳಿದುಬಂದ ತಾಳೆಗರಿಯ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳು. ಹಳಗನ್ನಡ ಲಿಪಿಯಲ್ಲಿ ಬರೆದ ಈ ಸಿದ್ಧಾಂತಗ್ರಂಥಗಳ ಪ್ರಾಚೀನ ಪ್ರತಿ ಲೋಕದಲ್ಲಿ ಉಳಿದದ್ದು ಅಲ್ಲಿ ಮಾತ್ರ. ಧವಲಾ ಪ್ರತಿಯ ಕೊನೆಯಲ್ಲಿರುವ ಪ್ರಶಸ್ತಿಯಲ್ಲಿ ದೇಮಿಯಕ್ಕ ಎಂಬ ಶ್ರಾವಿಕೆ ಅದನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಶಾಸ್ತ್ರದಾನವಾಗಿ ಅರ್ಪಿಸಿದ ವಿಷಯವಿದೆ. ಆ ಶುಭಚಂದ್ರರು ಬೆಳಗೊಳದ ಶಾಸನಗಳಲ್ಲಿ ಕಾಣುವ, ಗಂಗರಾಜನಿಗೆ ಗುರುಗಳಾಗಿದ್ದ ಶುಭಚಂದ್ರರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಲೇಖನದ ಆರಂಭದಲ್ಲಿ ಹೇಳಿದ ಬೊಪ್ಪದೇವನ ತಂದೆಯೇ ಈ ಗಂಗರಾಜ. ಬಸ್ತಿಹಳ್ಳಿಯ ಬಸದಿ ಯಾರ ನೆನಪಿಗಾಗಿ ಎದ್ದಿತೋ ಅವರ ಗುರುಗಳ ಕೈಸೇರಿದ್ದ ಗ್ರಂಥ ಘಟ್ಟದ ಕೆಳಗೆ ಬದುಕಿ ಉಳಿಯಿತು. ಓಲೆಗರಿಯ ಕಟ್ಟುಗಳು ತಾವಾಗಿ ಘಟ್ಟ ಇಳಿಯುವುದಿಲ್ಲ. ಯಾರೋ ನಾಲ್ಕಾರು ಜನ ಶೇಷಾಕ್ಷತೆಯಂತೆಯೇ ತಲೆಯ ಮೇಲೆ ಹೊತ್ತು ಇಳಿದಿರಬೇಕು.

ಅವುಗಳನ್ನು ಲೋಕಕ್ಕೆ ಮತ್ತೆ ತೋರಿಸಿದ್ದೂ ಒಂದು ಯಾತ್ರೆಯೇ. 1883ರಲ್ಲಿ ಮುಂಬಯಿಯ ವರ್ತಕ ಶೇಠ್ ಮಾಣಿಕಚಂದರು ಸಂಘದೊಡನೆ ಮೂಡಬಿದಿರೆಗೆ ಬಂದರು. ಎಲ್ಲರಂತೆ ರತ್ನಬಿಂಬಗಳ ದರ್ಶನ ಪಡೆದರು. ಅಷ್ಟಕ್ಕೇ ಹೊರಟುಹೋಗಿದ್ದರೆ ಕಥೆ ಮುಗಿಯುತ್ತಿತ್ತು. ಅವರು ನಿಂತು, ಜೀರ್ಣವಾಗುತ್ತಿದ್ದ ಗರಿಗಳನ್ನು ಕಂಡು ಅವುಗಳ ಬಗ್ಗೆ ವಿಚಾರಿಸಿದರು. ಹಿಂತಿರುಗಿದ ಮೇಲೆ ಸೊಲ್ಲಾಪುರದ ಹೀರಾಚಂದ ನೇಮಚಂದರಿಗೆ ಈ ವಿಷಯ ತಿಳಿಸಿದರು. ಹೀರಾಚಂದರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಜೊತೆಗೆ ಕರೆದುಕೊಂಡು ಮೂಡಬಿದಿರೆಗೆ ಹೋದರು. ಹಳೆಯ ಲಿಪಿ ಓದಬಲ್ಲ ಶಾಸ್ತ್ರಿಗಳು ಮಂಗಳಾಚರಣೆಯನ್ನು ಓದಿ ಕೇಳಿಸಿದರು. 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಅದು ವರ್ಷಗಟ್ಟಲೆ ನಡೆಯಿತು. ಪ್ರೊ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ 1939ರಲ್ಲಿ ಮುದ್ರಣವಾಯಿತು, ಹದಿನಾರನೆಯದು 1958ರಲ್ಲಿ. ಶತಮಾನಗಳಿಂದ ದರ್ಶನಕ್ಕೆ ಮಾತ್ರ ಇದ್ದ ಗ್ರಂಥ ಓದಿಗೆ ಬಂದಿತು. ಇದಕ್ಕೆ ಮೂಲ, ಒಬ್ಬ ವ್ಯಾಪಾರಿ ಯಾತ್ರಿಕ ದರ್ಶನ ಮುಗಿದ ಮೇಲೆ ಕೂಡಲೇ ಗಾಡಿ ಹತ್ತದೆ ನಿಂತದ್ದು. 1982ರಲ್ಲಿ ನಾವು ಅದೇ ಊರಿನಲ್ಲಿದ್ದೆವು. ಗುರುಬಸದಿಯ ಹೆಸರನ್ನೂ ಕೇಳದೆ ಹಿಂತಿರುಗಿದೆವು.

ಮೂಡಬಿದಿರೆಯಿಂದ ಒಂದು ಮಧ್ಯಾಹ್ನ ಮೂಲ್ಕಿಯ ಕಡೆಗೆ ಹೋದೆವು. ಮೂಲ್ಕಿ ಸೀಮೆಯನ್ನು ಆಳಿದ ಸಾವಂತ ಅರಸರು ಜೈನರು. ಆದರೆ ಸತ್ಯ ಹೇಳಬೇಕಾದರೆ ನಾವು ಹೋದದ್ದು ಸಾವಂತರಿಗಾಗಿ ಅಲ್ಲ, ಕಡಲು ನೋಡಲಿಕ್ಕೆ. ತಂಡದಲ್ಲಿದ್ದ ನನ್ನ ಸೋದರತ್ತೆಗೆ ಎಪ್ಪತ್ತು ದಾಟಿತ್ತು, ಸಮುದ್ರ ಕಂಡವರಲ್ಲ. ಸಸಿಹಿತ್ಲುವಿನ ಮರಳಿನಲ್ಲಿ ನಿಂತು, ಬಂದ ತೆರೆಯ ನೀರನ್ನು ಬೆರಳಿಂದ ನಾಲಿಗೆಗೆ ಮುಟ್ಟಿಸಿಕೊಂಡು, “ಅಲ್ಲ ಕಣೋ, ನಿಮ್ಮಪ್ಪ ಅಷ್ಟು ವರ್ಷ ಅಂಗಡೀಲಿ ತೂಗಿ ತೂಗಿ ಕೊಡ್ತಿದ್ದದ್ದು ಇದನ್ನೇನಾ?” ಎಂದರು. ಸಂಜೆಯ ಊಟದ ಹೊತ್ತಾಗುತ್ತದೆಂದು ನಾನು ಎರಡು ಸಲ ಅವಸರ ಮಾಡಿದೆ. ಅವರು ಅಂದು ಊಟ ಬೇಡವೆಂದು ಮರಳಿನಲ್ಲೇ ಕುಳಿತುಬಿಟ್ಟರು. ಹನ್ನೆರಡು ಜನವಾದ್ದರಿಂದ ಕಾದೆವು. ತಂದಿದ್ದ ಅವಲಕ್ಕಿಯನ್ನು ಸೂರ್ಯ ನೀರು ಮುಟ್ಟುವ ಮೊದಲು ಹಂಚಿಕೊಂಡು ತಿಂದೆವು.

ಕಾರ್ಕಳದ ಭೈರರಸರ ವಿಷಯ ಒಂದು ಮಾತು. ಅವರು ಹೊಂಬುಜದ ಸಾಂತರರ ಪರಂಪರೆಯವರು. ಘಟ್ಟದ ಮೇಲೆ ಭದ್ರಾ ತೀರದ ಕಳಸದಲ್ಲೂ, ಕೆಳಗೆ ಕಾರ್ಕಳದಲ್ಲೂ ಅವರ ರಾಜಧಾನಿಗಳಿದ್ದವು. ನಕ್ಷೆಯಲ್ಲಿ ನಮಗೆ ಗೋಡೆಯಂತೆ ಕಾಣುವ ಬೆಟ್ಟಸಾಲು ಅವರ ರಾಜ್ಯದ ನಡುಮನೆ. 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ತೆರನಾದ ನಾಲ್ಕು ಬಾಗಿಲುಗಳು; ಯಾವ ಕಡೆಯಿಂದ ಬಂದವನಿಗೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ. ಕಂಪನಿ ಸರಕಾರದ ಆದೇಶದಂತೆ 1801ರಲ್ಲಿ ಈ ಸೀಮೆಯನ್ನು ಸುತ್ತಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ವೇಣೂರು, ಮೂಡಬಿದಿರೆ, ಕಾರ್ಕಳಗಳನ್ನು ಕಂಡು ಬರೆದ ವಿವರ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಕ್ಷೇತ್ರಗಳ ಬಗ್ಗೆ ಅನ್ಯದೇಶೀಯರು ತಾಳ್ಮೆಯಿಂದ ಬರೆದಷ್ಟು ನಾವು ಬರೆದಿಲ್ಲವಲ್ಲ ಎಂಬ ಖೇದ ನನಗುಂಟು.

ಕಾರ್ಕಳದಿಂದ ವರಂಗಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಳಗಿರುವ ಒಂದು ಹಳ್ಳಿಯ ಬಸದಿಗೆ ಹೋದೆವು. ಯಾವ ಪುಸ್ತಕದಲ್ಲೂ ಅದರ ವಿವರ ಓದಿದ್ದಿಲ್ಲ. ಕಾರ್ಕಳದಲ್ಲಿ ಒಬ್ಬರು ದಾರಿ ಹೇಳಿದ್ದರು. ಬಾಗಿಲಿಗೆ ಬೀಗ. ಎದುರುಮನೆಯ ವೃದ್ಧೆ ಬೀಗದ ಕೈ ಹಿಡಿದು ಬಂದರು. ಆ ಊರಿನಲ್ಲಿ ಉಳಿದಿದ್ದ ಜೈನರ ಮನೆ ಅದೊಂದೇ. ದಿನಾ ದೀಪ ಹಚ್ಚುವವರೂ ಅವರೇ. ಅವರು ಕೇಳಿದ ಮೊದಲ ಮಾತು, “ಎಷ್ಟು ಮಂದಿ ಉಂಟು?” ಹನ್ನೆರಡು ಎಂದೆ. “ಹಾಗಾದರೆ ಊಟ ಮಾಡಿಯೇ ಹೋಗಬೇಕು,” ಎಂದರು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಮಜ್ಜಿಗೆ. ಹೆಂಗಸರು ಅಡಿಗೆಗೆ ಕೈಜೋಡಿಸಿದರು. ಗಂಡಸರು ಬಸದಿಯ ಅಂಗಳದ ಹುಲ್ಲು ಕಿತ್ತೆವು. ಅಂದು ಅಲ್ಲಿ ಅಭಿಷೇಕವೂ ಆಯಿತು. ಬಹಳ ದಿನಗಳ ಮೇಲೆ ಹತ್ತು ಜನರ ಧ್ವನಿ ಒಟ್ಟಾಗಿ ಕೇಳಿತೆಂದು ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನೂರು ಜನ ಬಂದು ನಿಂತಿದ್ದರೆ ಅವರು ಬೀಗ ತೆಗೆದು ಕೊಟ್ಟು, ಸಂಕೋಚದಿಂದ ಮನೆಯೊಳಗೆ ಸೇರಿಕೊಳ್ಳುತ್ತಿದ್ದರು.

ವರಂಗದಲ್ಲಿ ಕೆರೆಯ ನಡುವೆ ಬಸದಿ, ಸುತ್ತ ತಾವರೆ, ಹಿಂದೆ ಸಹ್ಯಾದ್ರಿಯ ಗೋಡೆ. ದೋಣಿ ಸಣ್ಣದು. ಮೂರು ಸಲ ಹೋಗಿ ಬಂದು ನಮ್ಮೆಲ್ಲರನ್ನೂ ದಾಟಿಸಿತು. ಕೊನೆಯ ಸರದಿಯಲ್ಲಿ ನಾನು ಹೋದೆ. ಅಜ್ಜಿಯ ಹೆಸರಿನಲ್ಲಿ ಒಂದು ಅರ್ಘ್ಯ ಎತ್ತಿಸಿದೆ. ಅದಕ್ಕಿಂತ ಹೆಚ್ಚು ಬರೆಯುವುದು ಬೇಡ.

ಅಲ್ಲಿಂದ ಹೆಬ್ರಿ, ಸೋಮೇಶ್ವರ, ಆಗುಂಬೆ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆ ನೆತ್ತಿಯನ್ನು ಏರಿ ಹೊಂಬುಜದಲ್ಲಿ ಪದ್ಮಾವತಿ ಅಮ್ಮನವರ ದರ್ಶನ ಮಾಡಿದೆವು. 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿಯನ್ನು ನೋಡಿ, ಬಯಲುಸೀಮೆಗೆ ಇಳಿದು ಅರಸೀಕೆರೆಯ ಮೇಲೆ ಊರು ಸೇರಿದೆವು. ಅರಸೀಕೆರೆಯಲ್ಲಿ 1220ರಲ್ಲಿ ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯವನ್ನು ನಮ್ಮವರಲ್ಲೇ ಎಷ್ಟೋ ಜನ ನೋಡಿಲ್ಲ. ರೈಲು ಬದಲಿಸಲು ಮಾತ್ರ ಆ ಊರಿಗೆ ಹೋಗುತ್ತೇವೆ.

ಈಗ ಹಿರಿಯರು ಕೇಳಿದ ಪ್ರಶ್ನೆಗೆ ಬರುತ್ತೇನೆ. ಹನ್ನೆರಡು ಜನರ ಯಾತ್ರೆಯಲ್ಲಿ ತಲೆಗೆ ಬೀಳುವ ಖರ್ಚು ದೊಡ್ಡ ಬಸ್ಸಿಗಿಂತ ಹೆಚ್ಚು. ಇದು ಲೆಕ್ಕದ ಮಾತು, ನಾನು ಅಲ್ಲಗಳೆಯಲಾರೆ. ಆರು ದಿನ ಕೆಲಸ ಬಿಟ್ಟು ಬರುವುದು ಕೂಲಿನಾಲಿ ಮಾಡುವ ಮನೆಯವರಿಗೆ ಕಷ್ಟ. ಸಣ್ಣ ತಂಡವೆಂದರೆ ಉಳ್ಳವರ ತಂಡವಾಗಿಬಿಟ್ಟರೆ ಆ ಹಿರಿಯರ ಆಕ್ಷೇಪಣೆಯೇ ಸರಿ, ನನ್ನ ಮಾತು ತಪ್ಪು. ಆದರೆ ಹಳೆಯವರು ಸಂಘಪತಿ ಎಂಬ ಪದವನ್ನು ಸೃಷ್ಟಿಸಿದ್ದು ಈ ತೊಡಕಿಗಾಗಿಯೇ. ಆದ್ದರಿಂದ ಪ್ರತಿ ತಂಡದಲ್ಲೂ ನಾಲ್ಕು ಸ್ಥಾನಗಳನ್ನು ಖರ್ಚು ಭರಿಸಲಾರದವರಿಗೆ ಮೀಸಲಿಡಬೇಕೆಂದು ಸೂಚಿಸುತ್ತೇನೆ. ಮೊದಲ ತಂಡದ ಆ ನಾಲ್ವರ ವೆಚ್ಚವನ್ನು ನಾನು ವಹಿಸಿಕೊಳ್ಳುತ್ತೇನೆ. ಪ್ರಶ್ನೆ ಕೇಳಿದ ಹಿರಿಯರೇ ಆ ತಂಡದ ಮುಂದಾಳಾಗಬೇಕೆಂದು ಅವರ ಮನೆಗೆ ಹೋಗಿ ಕೇಳಿಕೊಂಡಿದ್ದೇನೆ. ನೋಡೋಣ ಎಂದಿದ್ದಾರೆ.

ದೀಪಾವಳಿಯ ನಿರ್ವಾಣಪೂಜೆ ಕಳೆದು, ಕಾರ್ತಿಕದ ಅಷ್ಟಾಹ್ನಿಕ ಮುಗಿದ ಮೇಲೆ ಹೊರಡುವುದು. ವಯಸ್ಸಾದವರು ಬೆಚ್ಚನೆಯ ಹೊದಿಕೆಯನ್ನೂ, ಎಲ್ಲರೂ ನೀರು ಸೋಸುವ ಬಟ್ಟೆಯನ್ನೂ ತರಬೇಕು. ವರಂಗದ ಪಕ್ಕದ ಆ ಹಳ್ಳಿಗೆ ಅಕ್ಕಿ, ಬೇಳೆ, ಬೆಲ್ಲ, ದೀಪದ ಎಣ್ಣೆಯನ್ನು ಅಂಗಡಿಯಿಂದಲೇ ಕಟ್ಟಿಸಿಕೊಂಡು ಹೋಗೋಣ. ಹೆಸರು ಕೊಡುವವರು ಯಾವ ದಿನವಾದರೂ ಅಂಗಡಿಗೆ ಬರಬಹುದು. ಸೂರ್ಯಾಸ್ತಕ್ಕೆ ಮುನ್ನ ನಾನು ಊಟಕ್ಕೆ ಏಳುವವನು, ಅಷ್ಟರೊಳಗೆ ಬರಬೇಕು.